ವಂಶವೃಕ್ಷ ಹುಡುಕೋಕೆ ಯಾವ ಸೈಟು ಕೆಲಸಕ್ಕೆ ಬರುತ್ತೆ? ಫ್ಯಾಮಿಲಿಸರ್ಚ್‌ನಿಂದ ಭೂಮಿವರೆಗೆ ನಾನು ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆತನ ಕರ್ನಾಟಕದ ಯಾವುದಾದರೂ ಹಳ್ಳಿಯದ್ದಾಗಿದ್ದು, ಹೊಲ ಗದ್ದೆ ಒಂದಿಷ್ಟು ಇತ್ತು ಅಂದರೆ, ವಂಶದ ಮೂಲ ಹುಡುಕೋಕೆ ದುಡ್ಡು ಕೊಟ್ಟು ಹೊರದೇಶದ ಸೈಟಿಗೆ ಮೆಂಬರ್ ಆಗಬೇಡಿ. ಮೊದಲು ಜಮೀನಿನ ದಾಖಲೆ ತೋರಿಸುವ ನಮ್ಮ ಸರ್ಕಾರದ ‘ಭೂಮಿ’ ಅನ್ನೋ ಸೈಟು ತೆಗೆಯಿರಿ. ನಾನು ಎರಡೂ ಕಡೆ ಸಾಕಷ್ಟು ಸಮಯ ಕಳೆದಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನಾನು ಹುಡುಕುತ್ತಿದ್ದದ್ದು ಅಮ್ಮನ ತಾಯಿಯ ತವರನ್ನು. ನಮ್ಮದು ತುಮಕೂರು ಜಿಲ್ಲೆ. ಅಪ್ಪನ ಕಡೆ ಐದು ತಲೆಮಾರಿನ ಹೆಸರು ನಮ್ಮ ದೊಡ್ಡಪ್ಪನಿಗೆ ಬಾಯಿಪಾಠ. ಆದರೆ ಅಜ್ಜಿಯ ವಿಷಯ ಕೇಳಿದರೆ ಊರಿನ ಹೆಸರು ಬಿಟ್ಟು ಬೇರೇನೂ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯ ಅಪ್ಪ ಯಾರು, ಎಷ್ಟು ಜನ ಅಕ್ಕತಂಗಿಯರು, ಅವರನ್ನೆಲ್ಲ ಎಲ್ಲಿಗೆ ಕೊಟ್ಟರು, ಒಂದೂ ಇಲ್ಲ. ಇದು ನನಗೆ ತುಂಬಾ ಕಾಡಿದ ವಿಷಯ. ನಮ್ಮನ್ನು ಎತ್ತಿ ಆಡಿಸಿದವರು ಅವರೇ ಅಲ್ವಾ.

ಎಲ್ಲರ ಹಾಗೆ ನಾನೂ ಫ್ಯಾಮಿಲಿಸರ್ಚ್‌ನಿಂದಲೇ ಶುರು ಮಾಡಿದೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಾರ್ಮನ್ ಚರ್ಚಿನವರು ನಡೆಸುವ ಸೈಟು ಇದು. ಪೂರ್ತಿ ಉಚಿತ, ಒಂದು ಅಕೌಂಟ್ ಮಾಡಿಕೊಂಡರೆ ಸಾಕು. ಇವರ ಸಂಸ್ಥೆ ಶುರುವಾಗಿದ್ದು 1894ರಲ್ಲಿ. 1938ರಿಂದ ದೇಶದೇಶ ತಿರುಗಿ ಚರ್ಚಿನ ಪುಸ್ತಕ, ಕೋರ್ಟಿನ ಕಡತ ಎಲ್ಲವನ್ನೂ ಮೈಕ್ರೋಫಿಲ್ಮ್‌ಗೆ ಇಳಿಸಿಕೊಂಡು ಬಂದರು. ಸುಮಾರು 24 ಲಕ್ಷ ರೋಲ್ ಫಿಲ್ಮ್ ಆಗಿತ್ತು, ಅಷ್ಟನ್ನೂ ಸ್ಕ್ಯಾನ್ ಮಾಡಿ ಮುಗಿಸಿದ್ದು 2021ರಲ್ಲಿ. ಇಂಥ ಕೆಲಸ ಮಾಡಿ ಅದನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾರಲ್ಲ, ಅದಕ್ಕೆ ಕೈ ಮುಗಿಯಬೇಕು.

ಆದರೆ ನಮಗೆ ಅದರಲ್ಲಿ ಸಿಗುವುದು ಕಡಿಮೆ. ಹಿಂದೂ ಕುಟುಂಬಗಳಿಗೆ ಸಂಬಂಧಪಟ್ಟ ದೊಡ್ಡ ಸಂಗ್ರಹ ಅಂದರೆ ಹರಿದ್ವಾರ ಮುಂತಾದ ಕ್ಷೇತ್ರಗಳ ಪಂಡರ, ಅಂದರೆ ಅಲ್ಲಿನ ಪುರೋಹಿತರ, ಬಹಿಗಳು. ಯಾತ್ರೆಗೆ ಹೋದವರ ಹೆಸರು, ಊರು, ಅಪ್ಪ ಅಜ್ಜನ ಹೆಸರು ಬರೆದಿಡುವ ಉದ್ದನೆಯ ಪುಸ್ತಕಗಳು ಇರುತ್ತವಲ್ಲ, ಅವು. ಅದರ ಚಿತ್ರಗಳು ಅಲ್ಲಿವೆ. ಬಹುತೇಕ ಉತ್ತರ ಭಾರತದವರದ್ದು, ಪುಟ ಪುಟ ತಿರುವಿ ನೋಡಬೇಕು. ಪಂಜಾಬಿನವರಿಗೋ ರಾಜಸ್ಥಾನದವರಿಗೋ ಅದು ದೊಡ್ಡ ನಿಧಿ. ನಮ್ಮ ತುಮಕೂರಿನ ರೈತನಿಗೆ ಅಲ್ಲಿ ಏನು ಸಿಕ್ಕೀತು?

ಇನ್ನೊಂದು ತೊಡಕು ಹೆಸರಿನದ್ದು. ಈ ಸೈಟುಗಳೆಲ್ಲ ಎಲ್ಲರಿಗೂ ಸರ್‌ನೇಮ್ ಇದ್ದೇ ಇರುತ್ತದೆ ಅನ್ನೋ ಲೆಕ್ಕದಲ್ಲಿ ಕಟ್ಟಿದ್ದು. ನಮ್ಮಲ್ಲಿ ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ನಮ್ಮ ಹೆಸರು, ಅಷ್ಟೇ. ಆ ಕಾಲಂ ಖಾಲಿ ಬಿಟ್ಟರೂ ನಡೆಯುತ್ತದೆ. ನಾನು ಮಾಡಿದ್ದು ಹೀಗೆ: ಸರ್‌ನೇಮ್ ಖಾಲಿ, ಊರನ್ನು ಹುಟ್ಟಿದ ಸ್ಥಳದಲ್ಲಿ ಹಾಕಿದೆ, ಮನೆತನದ ಹೆಸರನ್ನು ಬೇರೆ ಹೆಸರುಗಳು ಅನ್ನುವಲ್ಲಿ ಸೇರಿಸಿದೆ. ಮೈಸೂರು, ಮೈಸೋರ್, ತುಮಕೂರು, ಟುಮ್ಕೂರ್ ಎಲ್ಲ ಸ್ಪೆಲಿಂಗಲ್ಲೂ ಹುಡುಕಿ ನೋಡಬೇಕು. ತಿಮ್ಮಯ್ಯ ಅನ್ನೋದನ್ನು ಬ್ರಿಟಿಷ್ ಗುಮಾಸ್ತ ನಾಲ್ಕು ರೀತಿ ಬರೆದಿರುತ್ತಾನೆ. ಇನ್ನು ಫ್ಯಾಮಿಲಿಸರ್ಚ್‌ನ ವಂಶವೃಕ್ಷ ಇಡೀ ಜಗತ್ತಿಗೆ ಒಂದೇ ಮರ. ತೀರಿಕೊಂಡವರ ಪುಟವನ್ನು ಯಾರು ಬೇಕಾದರೂ ತಿದ್ದಬಹುದು, ಬದುಕಿರುವವರ ಪುಟ ಹಾಕಿದವರಿಗೆ ಬಿಟ್ಟು ಹೊರಗಿನವರಿಗೆ ಕಾಣುವುದಿಲ್ಲ. ಹಾಗಾಗಿ ಹುಡುಕಿದ್ದನ್ನು ಇಟ್ಟುಕೊಳ್ಳೋಕೆ ಒಳ್ಳೆ ಜಾಗ, ಆದರೆ ನಿಮ್ಮದೇ ಒಂದು ಪ್ರತಿ ಮನೆಯಲ್ಲಿರಲಿ.

ದುಡ್ಡು ಕೊಡುವ ಸೈಟುಗಳು ಆನ್ಸೆಸ್ಟ್ರಿ, ಮೈಹೆರಿಟೇಜ್, ಫೈಂಡ್‌ಮೈಪಾಸ್ಟ್. ಇವು ಯಾರಿಗೆ ಬೇಕು ಅಂದರೆ, ಬೆಂಗಳೂರು ಕಂಟೋನ್ಮೆಂಟಿನ ಆಂಗ್ಲೋ ಇಂಡಿಯನ್ ಕುಟುಂಬದವರಿಗೆ, ಕೆಜಿಎಫ್ ಗಣಿಯಲ್ಲಿ ಕೆಲಸಕ್ಕೆ ಬಂದ ಕಾರ್ನ್‌ವಾಲ್ ಕಡೆಯ ಇಂಗ್ಲಿಷರ ಮೊಮ್ಮಕ್ಕಳಿಗೆ, ಬ್ರಿಟಿಷ್ ರೈಲ್ವೆ, ಸೈನ್ಯ ಅಂತ ಇದ್ದವರಿಗೆ. ಈಸ್ಟ್ ಇಂಡಿಯಾ ಕಂಪನಿ ಕಾಲದಿಂದ ಇಲ್ಲಿನ ಚರ್ಚುಗಳಲ್ಲಿ ಆದ ನಾಮಕರಣ, ಮದುವೆ, ಅಂತ್ಯಸಂಸ್ಕಾರದ ಪಟ್ಟಿಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಫೈಂಡ್‌ಮೈಪಾಸ್ಟ್ 2014ರಲ್ಲಿ ಅದರಲ್ಲಿ ಸುಮಾರು 25 ಲಕ್ಷ ದಾಖಲೆ ಹಾಕಿತು. ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು ಭಾಗ ಇರುತ್ತದೆ, ಬೆಂಗಳೂರು ಕಂಟೋನ್ಮೆಂಟಿನದ್ದು ಬೇಕಿದ್ದರೆ ಮದ್ರಾಸಿನ ಭಾಗದಲ್ಲಿ ನೋಡಿ. ಆದರೆ ದುಡ್ಡು ಕಟ್ಟುವ ಮುಂಚೆ ಫಿಬಿಸ್ ಅನ್ನುವ ಸಂಘದ ಡೇಟಾಬೇಸಲ್ಲಿ ಹುಡುಕಿ. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿಯೇ 1998ರಲ್ಲಿ ಹುಟ್ಟಿದ ಸಂಘ, ಸ್ವಯಂಸೇವಕರು ಕೂತು ಟೈಪ್ ಮಾಡಿದ್ದು, ಹುಡುಕೋಕೆ ಕಾಸು ಬೇಡ. ಮಂಗಳೂರು, ಧಾರವಾಡ, ಕೊಡಗಿನ ಪ್ರೊಟೆಸ್ಟೆಂಟ್ ಕುಟುಂಬದವರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಆರ್ಕೈವ್ ಇದೆ. ಅವರು ಮಂಗಳೂರಿಗೆ ಬಂದಿದ್ದು 1834ರಲ್ಲಿ, ಹಳೆಯ ಫೋಟೋಗಳನ್ನು ಆನ್‌ಲೈನಲ್ಲಿ ನೋಡಬಹುದು. ಹಂಚಿನ ಕಾರ್ಖಾನೆ, ನೇಯ್ಗೆ ಶಾಲೆ, ಹೆಣ್ಣುಮಕ್ಕಳ ಶಾಲೆಯ ಚಿತ್ರಗಳು ನಿಜಕ್ಕೂ ಚೆನ್ನಾಗಿವೆ.

ಉಚಿತ ಟ್ರಯಲ್ ಬಗ್ಗೆ ಒಂದು ಮಾತು. ಇಂಥ ಒಂದು ಸೈಟಲ್ಲಿ ಟ್ರಯಲ್ ಅಂತ ಕಾರ್ಡ್ ನಂಬರ್ ತಗೊಂಡು, ವರ್ಷದ ಪೂರ್ತಿ ಹಣ ಎಳೆದುಕೊಂಡರು. ಯಾವ ಸೈಟು ಅನ್ನೋದು ಬೇಡ. ಕಾರ್ಡ್ ಕೊಡುವ ದಿನವೇ ಕ್ಯಾನ್ಸಲ್ ಮಾಡುವ ಬಟನ್ ಎಲ್ಲಿದೆ ನೋಡಿಟ್ಟುಕೊಳ್ಳಿ.

ಮನೆಯಲ್ಲಿ ಯಾರಾದರೂ ಮಹಾಯುದ್ಧದಲ್ಲಿ ತೀರಿಕೊಂಡಿದ್ದರೆ ಮಾತ್ರ ಒಂದು ವಿದೇಶಿ ಸೈಟನ್ನು ಖಂಡಿತ ನೋಡಲೇಬೇಕು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ್ದು. 1917ರಲ್ಲಿ ಆಗಿದ್ದು, ಎರಡೂ ಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಲೆಕ್ಕ ಇಟ್ಟಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕುದುರೆ ಮೇಲೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಗೊತ್ತಲ್ಲ, ಆ ಯುದ್ಧಗಳಲ್ಲಿ ಸತ್ತವರೂ ಇದರಲ್ಲಿ ಬರುತ್ತಾರೆ. ಎರಡನೇ ಯುದ್ಧದಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಿಂದ ಬರ್ಮಾಕ್ಕೋ ಸಿಂಗಪುರಕ್ಕೋ ಹೋಗಿ ವಾಪಸ್ ಬರದೇ ಇದ್ದವರು ಎಷ್ಟೋ ಜನ. ಈ ಸೈಟಿನ ವಿಶೇಷ ಏನು ಅಂದರೆ, ಹಲವು ಹೆಸರಿನ ಮುಂದೆ ಇಂಥವರ ಮಗ, ಇಂಥವಳ ಗಂಡ, ಇಂಥ ಊರು ಅಂತ ಒಂದು ಸಾಲು ಇರುತ್ತದೆ. ಹೆಂಡತಿಯ ಹೆಸರು ಇರುವ ದಾಖಲೆ ನಮ್ಮಲ್ಲಿ ಎಷ್ಟು ಅಪರೂಪ ಅನ್ನೋದು ಮುಂದೆ ಹೇಳುತ್ತೇನೆ. ಕಾಸಿಲ್ಲ, ಅಕೌಂಟೂ ಬೇಡ. ಪೂರ್ತಿ ಅಂಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭೂಮಿ.

ಇದನ್ನು ವಂಶ ಹುಡುಕುವ ಸೈಟು ಅಂತ ಯಾರೂ ಹೇಳೋದಿಲ್ಲ. ಸಾಲಕ್ಕೆ, ಬೆಳೆ ವಿಮೆಗೆ, ಜಮೀನು ಮಾರೋಕೆ ಪಹಣಿ, ಅಂದರೆ ಜಮೀನು ಯಾರದ್ದು ಅನ್ನೋ ದಾಖಲೆ, ತೆಗೆಯುವ ಜಾಗ ಅಷ್ಟೇ. 2000ದ ಹೊತ್ತಿಗೆ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಯನ್ನು ಕಂಪ್ಯೂಟರಿಗೆ ಹಾಕಿದರು, 67 ಲಕ್ಷ ಜಮೀನು ಮಾಲೀಕರದ್ದು. ಯೋಚಿಸಿ ನೋಡಿ, ಬಹುತೇಕ ಪ್ರತಿ ಹೆಸರಿನ ಜೊತೆಗೂ ಅಪ್ಪನ ಹೆಸರೋ ಗಂಡನ ಹೆಸರೋ ಇದೆ. ಇಂಥವರು ಬಿನ್ ಇಂಥವರು, ಇಂಥವರು ಕೋಂ ಇಂಥವರು. ಅಂದರೆ ಒಂದೊಂದು ಸಾಲಲ್ಲೂ ಎರಡು ತಲೆಮಾರು. ಉತ್ತರ ಕರ್ನಾಟಕದವರು ಉತಾರ ಅಂತಾರೆ, ಅದೇ ಇದು.

ಹೇಗೆ ನೋಡೋದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹಾಕಿ. ಆಮೇಲೆ ಸರ್ನಾಕ್ ಅಂತ ಒಂದು ಬಾಕ್ಸ್ ಬರುತ್ತೆ, ಸಾಮಾನ್ಯವಾಗಿ ಅಲ್ಲಿ ಒಂದು ನಕ್ಷತ್ರದ ಗುರುತು ಮಾತ್ರ ಇರುತ್ತೆ, ಗಾಬರಿ ಬೇಡ, ಅದನ್ನೇ ಆರಿಸಿ. ಕೊನೆಗೆ ಹಿಸ್ಸಾ ನಂಬರ್, ಅಂದರೆ ಆ ಸರ್ವೆ ನಂಬರಿನೊಳಗಿನ ಭಾಗದ ನಂಬರ್. ಈಗಿನ ವರ್ಷ, ಹಳೆಯ ವರ್ಷ ಅಂತ ಎರಡು ಆಯ್ಕೆ ಇರುತ್ತದೆ, ನಮಗೆ ಬೇಕಾದದ್ದು ಹಳೆಯದು. ಪಹಣಿ ತೆರೆದ ಮೇಲೆ ಎಲ್ಲರೂ 9ನೇ ಕಾಲಂ ನೋಡಿ ಮುಚ್ಚುತ್ತಾರೆ. ಮಾಲೀಕರ ಹೆಸರು ಇರುವುದು ಅಲ್ಲೇ. ಆದರೆ ನಮ್ಮ ಕೆಲಸಕ್ಕೆ ಬೇಕಾದದ್ದು ಅದರ ಪಕ್ಕದ 10ನೇ ಕಾಲಂ. ಆ ಜಮೀನು ಅವರಿಗೆ ಹೇಗೆ ಬಂತು ಅನ್ನೋದು ಅಲ್ಲಿ ಇರುತ್ತದೆ. ಕ್ರಯವೋ, ವಿಭಾಗವೋ, ಪೌತಿಯೋ, ಜೊತೆಗೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರ್ ಮತ್ತು ವರ್ಷ. ಪೌತಿ ಅಂತ ಇದ್ದರೆ ಆ ನಂಬರನ್ನು ಕೂಡಲೇ ಬರೆದಿಟ್ಟುಕೊಳ್ಳಿ. 12ನೇ ಕಾಲಂ ಸಾಗುವಳಿದಾರರದ್ದು. ಸ್ವಂತ ಜಮೀನು ಇಲ್ಲದೆ ಗೇಣಿಗೆ ಮಾಡುತ್ತಿದ್ದವರ ಹೆಸರು ಹಳೆಯ ಪಹಣಿಯಲ್ಲಿ ಅಲ್ಲಿ ಸಿಗಬಹುದು.

ಪೌತಿ ಖಾತೆ ಅಂದರೆ ಯಜಮಾನರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಗುವುದು. ಅದಕ್ಕೆ ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತಾಧಿಕಾರಿ ಅಂತಾರೆ, ಊರಲ್ಲಿ ವಿಚಾರಿಸಿ, ಪಂಚರ ಸಹಿ ಹಾಕಿಸಿ ಕೊಡುವ ವಂಶವೃಕ್ಷ. ಅಂದರೆ ನೀವು ಹುಡುಕುತ್ತಿರುವ ಮರವನ್ನು ಯಾರೋ ಆಗಲೇ ಬರೆದು ತಾಲ್ಲೂಕು ಕಚೇರಿಯ ಕಡತದಲ್ಲಿ ಇಟ್ಟಿದ್ದಾರೆ! ಎಷ್ಟೋ ಮನೆಗಳಲ್ಲಿ ವಂಶವೃಕ್ಷ ಅನ್ನೋ ಕಾಗದ ಹುಟ್ಟಿದ್ದೇ ಖಾತೆಗಾಗಿ. ಅಮೆರಿಕದಲ್ಲಿ ಕೂತು ಆಪ್‌ನಲ್ಲಿ ಮರ ಬಿಡಿಸುತ್ತಿರುವ ಕನ್ನಡದ ಹುಡುಗರಿಗೆ ನಾನು ಹೇಳೋದು ಇದನ್ನೇ, ಊರಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿ ಮ್ಯುಟೇಶನ್ ಕಾಗದ ಕೇಳಿ.

ಸರ್ವೆ ನಂಬರೇ ಗೊತ್ತಿಲ್ಲ ಅಂದರೆ? ದಿಶಾಂಕ್ ಆಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ನಂಬರ್ ತೋರಿಸುತ್ತದೆ. ಸರ್ವೆ ಇಲಾಖೆಯ ಸೈಟಲ್ಲಿ ಗ್ರಾಮ ನಕ್ಷೆಯೂ ಸಿಗುತ್ತದೆ. ನಕ್ಷೆಯಲ್ಲಿ ಕೆರೆ, ಬಂಡಿದಾರಿ, ಹಳ್ಳ ಎಲ್ಲ ಇರುತ್ತದಾದ್ದರಿಂದ, ಮನೆಯ ಹಿರಿಯರ ಎದುರು ಅದನ್ನು ಹರಡಿ ನಮ್ಮ ಹೊಲ ಎಲ್ಲಿತ್ತು ಅಂತ ಕೇಳಿ ನೋಡಿ. ಕೆರೆ ಕೋಡಿ ಪಕ್ಕ, ಹುಣಸೆ ತೋಪಿನ ಹಿಂದೆ ಅಂತ ಅವರು ಬೆರಳಿಡುತ್ತಾರೆ. ಹೆಸರು ನೆನಪಿಲ್ಲದವರಿಗೂ ಹೊಲ ನೆನಪಿರುತ್ತದೆ.

ಭೂಮಿಯ ಕೊರತೆ ಅಂದರೆ 2000ಕ್ಕಿಂತ ಹಿಂದಿನದು ಅದರಲ್ಲಿ ಸಿಗೋದು ಕಷ್ಟ. ಅದಕ್ಕೆ ಕೈಬರಹದ ಪಹಣಿ, ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕಗಳೇ ಗತಿ. ಇವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. 2024ರ ಜನವರಿಯಲ್ಲಿ ಭೂ ಸುರಕ್ಷಾ ಅಂತ ಶುರು ಮಾಡಿ ಈ ರೆಕಾರ್ಡ್ ರೂಮುಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಕಂದಾಯ ಇಲಾಖೆ ಮಾಡಿದ ಅತ್ಯುತ್ತಮ ಕೆಲಸ ಇದು ಅಂತ ನನ್ನ ಅಭಿಪ್ರಾಯ. ಗೆದ್ದಲು ತಿಂದ, ಮಳೆ ನೀರಿಗೆ ಒದ್ದೆಯಾದ ಪುಸ್ತಕಗಳು ಇನ್ನು ಹತ್ತು ವರ್ಷ ಬಿಟ್ಟರೆ ಉಳಿಯುತ್ತಿರಲಿಲ್ಲ. ಸ್ಕ್ಯಾನ್ ಆದ ಪುಟಗಳ ಪ್ರತಿಗೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ಆದರೆ ಓದೋಕೆ ತಾಳ್ಮೆ ಬೇಕು. ಶಾನುಭೋಗರ ಮೋಡಿ ಬರಹದಲ್ಲಿ ತಲೆಕಟ್ಟು ಇರೋದಿಲ್ಲ, ಅಕ್ಷರ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಗೊತ್ತಾಗಲ್ಲ. ಒಂದು ಉಪಾಯ ಇದೆ. ಅದೇ ಪುಟದಲ್ಲಿ ನಿಮಗೆ ಮೊದಲೇ ಗೊತ್ತಿರುವ ಹೆಸರು ಒಂದನ್ನು ಹುಡುಕಿ, ಆ ಕೈ ಅದನ್ನು ಹೇಗೆ ಬರೆದಿದೆ ನೋಡಿ, ಅದರಿಂದ ಬೇರೆ ಹೆಸರುಗಳನ್ನು ಬಿಡಿಸಿ. ಊರಲ್ಲಿ ನಿವೃತ್ತ ಗ್ರಾಮ ಲೆಕ್ಕಿಗರು ಯಾರಾದರೂ ಇದ್ದರೆ ಹೋಗಿ ಕೂತುಕೊಳ್ಳಿ, ಅವರು ಪಟಪಟ ಅಂತ ಓದುತ್ತಾರೆ.

ಗೇಣಿದಾರರ ಮನೆಯವರು ಇನ್ನೊಂದು ಕಡತ ಹುಡುಕಬೇಕು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ಉಳುತ್ತಿದ್ದವರು ಆ ಜಮೀನಿನ ಹಕ್ಕು ಕೇಳಿ ಫಾರಂ ನಂಬರ್ 7 ಅಂತ ಡಿಕ್ಲರೇಶನ್ ಕೊಟ್ಟರು. ಭೂ ನ್ಯಾಯಮಂಡಳಿ ಮುಂದೆ ಹೇಳಿಕೆ ಕೊಡುವಾಗ ನಮ್ಮಪ್ಪನ ಕಾಲದಿಂದ ಉಳುತ್ತಿದ್ದೇವೆ, ಅವರು ಇಂಥ ವರ್ಷ ತೀರಿಕೊಂಡರು, ನಾವು ಇಷ್ಟು ಜನ ಅಣ್ಣತಮ್ಮಂದಿರು ಅಂತ ಎಲ್ಲ ಹೇಳಬೇಕಿತ್ತು. ಬಡವರ ಮಾತು ಬಡವರ ಬಾಯಿಂದಲೇ ಬರಹಕ್ಕೆ ಇಳಿದಿರುವ ಇಂಥ ಕಡತ ನಮ್ಮ ಹಳ್ಳಿಗಳಲ್ಲಿ ತುಂಬಾ ಕಡಿಮೆ. ಇದು ಮನೆಯಲ್ಲಿ ಕೂತು ಬೆರಳೊತ್ತಿದರೆ ಸಿಗುವುದಲ್ಲ, ಕಚೇರಿಗೆ ಹೋಗಬೇಕು. ಹೋಗಿ.

ಹೆಂಗಸರ ವಿಷಯಕ್ಕೆ ಬಂದರೆ ಇಷ್ಟು ಹೊತ್ತು ಹೊಗಳಿದ ದಾಖಲೆಗಳೆಲ್ಲ ಬರಿದು. ಅಪ್ಪನ ಜಮೀನು ಗಂಡುಮಕ್ಕಳ ಹೆಸರಿಗೆ ಹೋಯಿತು, ಹೆಣ್ಣುಮಕ್ಕಳ ಹೆಸರು ಪಹಣಿಗೆ ಬರಲೇ ಇಲ್ಲ. ಪೌತಿಯ ವಂಶವೃಕ್ಷದಲ್ಲೂ ಮದುವೆಯಾಗಿ ಹೋದವರನ್ನು ಬಿಟ್ಟುಬಿಡುತ್ತಿದ್ದರು. ಗಂಡ ಸತ್ತು ಖಾತೆ ಬದಲಾದರೆ ಮಾತ್ರ ಕೋಂ ಅಂತ ಒಂದು ಹೆಸರು, ಅಲ್ಲೂ ತವರಿನ ಸುಳಿವಿಲ್ಲ. ಅಜ್ಜಿಯ ಊರಿನ ಪಹಣಿಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ನನಗೆ ಸಿಕ್ಕಿದ್ದು ಬರೀ ಗಂಡಸರು. ಇವರಲ್ಲಿ ಯಾರು ನನ್ನ ಮುತ್ತಜ್ಜ ಅಂತ ಹೇಗೆ ಹೇಳೋದು?

ದಾರಿ ಸಿಕ್ಕಿದ್ದು ಕಾವೇರಿಯಲ್ಲಿ. ನೋಂದಣಿ ಇಲಾಖೆಯ ಸೈಟು ಅದು, ಇ.ಸಿ. (ಒಂದು ಜಮೀನಿನ ಮೇಲೆ ಆದ ನೋಂದಣಿಗಳ ಪಟ್ಟಿ) ತೆಗೆಯುವುದು ಅಲ್ಲೇ. 2004ರ ಏಪ್ರಿಲ್‌ನಿಂದ ಈಚಿನ ನೋಂದಣಿಗಳು ಆನ್‌ಲೈನಲ್ಲಿ ಸಿಗುತ್ತವೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಬಂತು, ಆಮೇಲೆ 2005ರಲ್ಲಿ ಇಡೀ ದೇಶಕ್ಕೆ ಬಂತು. ಅದರಿಂದ ಏನಾಯಿತು ಅಂದರೆ, ಜಮೀನು ಮಾರಬೇಕು, ಸಾಲ ತೆಗೆಯಬೇಕು ಅಂದಾಗೆಲ್ಲ ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ ಕೇಳೋಕೆ ಶುರು ಮಾಡಿದರು. ಆ ಪತ್ರದಲ್ಲಿ ಪ್ರತಿ ಹೆಣ್ಣುಮಗಳ ಹೆಸರು, ಗಂಡನ ಹೆಸರು, ವಯಸ್ಸು, ಈಗಿರುವ ಊರು ಎಲ್ಲ ಇರುತ್ತದೆ. ತೀರಿಕೊಂಡಿದ್ದರೆ ಅವರ ಮಕ್ಕಳ ಹೆಸರೂ ಇರುತ್ತದೆ.

ಅಜ್ಜಿಯ ಊರಲ್ಲಿ ಅನುಮಾನ ಇದ್ದ ಸರ್ವೆ ನಂಬರ್‌ಗಳಿಗೆ ಇ.ಸಿ. ತೆಗೆದೆ. ಒಂದರಲ್ಲಿ ಹಕ್ಕು ಬಿಡುಗಡೆ ಅಂತ ಒಂದು ಸಾಲು, ಬರೆದುಕೊಟ್ಟವರ ಪಟ್ಟಿಯಲ್ಲಿ ನಮ್ಮಮ್ಮನ ಹೆಸರು, ದೊಡ್ಡಮ್ಮನ ಹೆಸರು, ಅದರ ಜೊತೆ ನಾವು ಯಾವತ್ತೂ ಕೇಳಿರದ ನಾಲ್ಕು ಹೆಸರು. ಅಮ್ಮನನ್ನು ಕೇಳಿದರೆ, ಹೌದು ಕಣೋ, ಯಾರೋ ಸೋದರಮಾವನ ಮಕ್ಕಳು ಅಂತ ಬಂದು ಕಾರಲ್ಲಿ ಕರ್ಕೊಂಡು ಹೋಗಿ ಸಹಿ ಹಾಕಿಸ್ಕೊಂಡಿದ್ರು, ಊಟ ಹಾಕ್ಸಿ ಸೀರೆ ಕೊಟ್ಟು ಕಳ್ಸಿದ್ರು ಅಂದರು. ಪತ್ರದ ನಕಲು ತರಿಸಿದೆ. ಅದರಲ್ಲಿ ಅಜ್ಜಿಯ ಅಪ್ಪನ ಹೆಸರು ಇತ್ತು. ಅಜ್ಜಿಗೆ ಒಬ್ಬ ತಂಗಿ ಇದ್ದರು ಅನ್ನೋದು ಇತ್ತು. ಆ ನಾಲ್ಕು ಜನ ಆ ತಂಗಿಯ ಮಕ್ಕಳು, ಇಬ್ಬರು ಈಗಲೂ ಕುಣಿಗಲ್ ಕಡೆ ಇದ್ದಾರೆ. ಅಕ್ಕತಂಗಿಯರ ಮಕ್ಕಳು, ಒಂದೇ ಜಿಲ್ಲೆಯಲ್ಲಿದ್ದುಕೊಂಡು ಒಬ್ಬರಿಗೊಬ್ಬರು ಗೊತ್ತಿಲ್ಲ! ಖುಷಿಯಾಯಿತು, ಸಂಕಟವೂ ಆಯಿತು. ಅಜ್ಜಿಯ ತವರಿನ ಕಡೆಯ ಹೆಂಗಸರ ಹೆಸರೆಲ್ಲ ಒಟ್ಟಿಗೆ ಇರುವ ಒಂದೇ ಒಂದು ಕಾಗದ, ಅವರೆಲ್ಲ ತಮ್ಮ ಪಾಲನ್ನು ಬಿಟ್ಟುಕೊಟ್ಟ ಕಾಗದ.

ಹೆಂಗಸರನ್ನು ಹುಡುಕೋಕೆ ಇನ್ನೊಂದು ಒಳ್ಳೆ ಜಾಗ ಹಳೆಯ ಮತದಾರರ ಪಟ್ಟಿ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯ ಸೈಟಲ್ಲಿ 2002ರ ಪಟ್ಟಿ ಹಾಕಿದ್ದಾರೆ. ಮನೆ ನಂಬರ್ ಪ್ರಕಾರ ಇರುವುದರಿಂದ ಅತ್ತೆ, ಸೊಸೆ, ಮದುವೆಯಾಗದ ಮಗಳು ಎಲ್ಲ ಒಟ್ಟಿಗೆ ಕಾಣುತ್ತಾರೆ, ವಯಸ್ಸೂ ಇರುತ್ತದೆ. ಆ ವರ್ಷ 80 ಅಂತ ಇದ್ದವರು 1920ರ ಆಸುಪಾಸಿನಲ್ಲಿ ಹುಟ್ಟಿದವರು. ವಯಸ್ಸು ಅಂದಾಜಿನದ್ದು, ಐದಾರು ವರ್ಷ ಹೆಚ್ಚು ಕಡಿಮೆ ಇಟ್ಟುಕೊಳ್ಳಿ. ಜಮೀನೇ ಇಲ್ಲದ ಮನೆಯವರೂ ಈ ಪಟ್ಟಿಯಲ್ಲಿ ಇರುತ್ತಾರೆ, ಅದಕ್ಕೇ ನನಗೆ ಇದು ಜಾಸ್ತಿ ಇಷ್ಟ.

ಜಮೀನಿಲ್ಲದವರಿಗೆ ಅದಕ್ಕಿಂತ ಹಿಂದೆ ಹೋಗೋಕೆ ಆನ್‌ಲೈನಲ್ಲಿ ಬಹಳ ಏನೂ ಇಲ್ಲ. ಹಳೆಯ ಪ್ರೈಮರಿ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರು, ಜಾತಿ, ಕಸುಬು, ಹುಟ್ಟಿದ ದಿನ ಎಲ್ಲ ಇರುತ್ತದೆ. ರೆಕಾರ್ಡ್ ರೂಮಿನ ಹಾಗೆ ಅವನ್ನೂ ಯಾರಾದರೂ ಸ್ಕ್ಯಾನ್ ಮಾಡಿಸಬೇಕು, ಇದು ಆಗಲೇಬೇಕಾದ ಕೆಲಸ. ಉತ್ತರ ಕರ್ನಾಟಕದ ಕಡೆಯವರಾದರೆ ಹೆಳವರನ್ನು ಮರೆಯಬೇಡಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಮನೆ ಬಾಗಿಲಿಗೆ ಬಂದು ನಿಮ್ಮ ಮನೆತನದ ಮೂಲ, ಬೆಡಗು (ಕುಲದ ಕವಲು), ಯಾವ ಊರಿನಿಂದ ಯಾವ ಊರಿಗೆ ಬಂದಿರಿ ಅನ್ನೋದನ್ನು ಹಾಡಿ ಹೇಳುವವರು ಅವರು. ಈಗ ಹಲವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತಾರೆ, ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನೂ ಸೇರಿಸಿಕೊಂಡು ಹೋಗುತ್ತಾರೆ. ಬೆಳಗಾವಿ ಕಡೆಯ ಗೆಳೆಯನ ಮನೆಯಲ್ಲಿ ಅವರು ಹೇಳಿದ್ದನ್ನು ಪಹಣಿ ಜೊತೆ ಇಟ್ಟು ನೋಡಿದೆವು, ಮೂರು ತಲೆಮಾರು ಹಾಗೇ ತಾಳೆಯಾಯಿತು. ಅವರು ಬಂದಾಗ ಕಾಳು ಕಡಿ, ದುಡ್ಡು ಕೊಟ್ಟು ಗೌರವದಿಂದ ಕೂರಿಸಿ, ಅವರ ಒಪ್ಪಿಗೆ ಕೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಕೊನೆಯದಾಗಿ ಒಂದು ಸಲಹೆ, ಇದು ನೋಡೋಕೆ ಚಿಕ್ಕದು ಆದರೆ ಅಲೆದಾಟ ಉಳಿಸುತ್ತದೆ. ಪೌತಿ ಮ್ಯುಟೇಶನ್ನಿನ ನಕಲಿಗೆ ಅರ್ಜಿ ಹಾಕುವಾಗ ಬರೀ ಎಂ.ಆರ್. ಪ್ರತಿ ಅಂತ ಬರೆದರೆ ಒಂದು ಹಾಳೆ ಮಾತ್ರ ಕೊಡುತ್ತಾರೆ. ಕಡತದಲ್ಲಿರುವ ವಂಶವೃಕ್ಷ, ಮರಣ ಪತ್ರ, ಹೇಳಿಕೆಗಳ ಸಮೇತ ಪೂರ್ತಿ ಕಡತದ ದೃಢೀಕೃತ ನಕಲು ಕೊಡಿ ಅಂತ ಅರ್ಜಿಯಲ್ಲೇ ಬಿಡಿಸಿ ಬರೆಯಿರಿ, ಎಂ.ಆರ್. ನಂಬರ್ ಜೊತೆ ವರ್ಷ ಮತ್ತು ಹೋಬಳಿ ತಪ್ಪದೆ ಹಾಕಿ. ಮತ್ತೆ, ಸಿಕ್ಕಿದ ಕಾಗದಗಳನ್ನು ಫೇಸ್‌ಬುಕ್ಕಿಗೋ ಫ್ಯಾಮಿಲಿಸರ್ಚಿಗೋ ಹಾಕುವ ಮುಂಚೆ ಬದುಕಿರುವವರ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರ್, ಫೋಟೋ ಇವನ್ನೆಲ್ಲ ಮುಚ್ಚಿ. ಹೊಸ ನೋಂದಣಿ ಪತ್ರಗಳಲ್ಲಿ ಅವೆಲ್ಲ ಇರುತ್ತವೆ.